ಯುಪಿಐ ಆಟೋಪೇ: ನಮ್ಮ ಡೊಂಬಿವಲಿ ಟ್ರಸ್ಟಿನ ಒಂದು ವರ್ಷದ ಅನುಭವ

ನಮ್ಮ ಟ್ರಸ್ಟ್ ತುಂಬಾ ಚಿಕ್ಕದು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಒಂದು ಬಾಡಿಗೆ ಕೋಣೆ, ಸಂಜೆ ಟ್ಯೂಷನ್, ಇಬ್ಬರು ಟೀಚರ್, ಒಂದು ಕಪಾಟು ಕನ್ನಡ ಪುಸ್ತಕ. ತಿಂಗಳಿಗೆ 46,000 ರೂಪಾಯಿ ಬೇಕು. ಐದು ವರ್ಷ ಒಂದೇ ಕಂಪನಿಯ ಸಿಎಸ್‌ಆರ್ ದುಡ್ಡಿನಲ್ಲಿ, ಅಂದರೆ ಕಂಪನಿಗಳು ಸಮಾಜಸೇವೆಗೆ ಕೊಡುವ ದುಡ್ಡಿನಲ್ಲಿ, ನಡೆಸಿದೆವು. ಹೋದ ವರ್ಷ ಏಪ್ರಿಲ್‌ನಲ್ಲಿ ಎರಡು ಸಾಲಿನ ಇಮೇಲ್ ಬಂತು: ಈ ಸಲ ಬೇರೆ ಕಡೆ ಕೊಡುತ್ತೇವೆ. 2013ರ ಕಂಪನಿ ಕಾಯ್ದೆಯಲ್ಲಿ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು ಅಂತ ಇದೆ, ಆದರೆ ಯಾರಿಗೆ ಅನ್ನುವುದು ಅವರ ಇಷ್ಟ. ಖಜಾಂಚಿ ನಾನೇ. ಆ ರಾತ್ರಿ ಪಾಸ್‌ಬುಕ್ ತೆಗೆದರೆ ಎರಡು ತಿಂಗಳಿಗೆ ಸಾಕಾಗುವಷ್ಟು ಮಾತ್ರ ಇತ್ತು.

ಆಗ ಶುರು ಮಾಡಿದ್ದು ಆಟೋಪೇ. 2020ರಿಂದ ಇದೆ, ನಾವು ಮಾತ್ರ ಮೊಬೈಲ್ ಬಿಲ್ಲಿಗಷ್ಟೇ ಅಂದುಕೊಂಡಿದ್ದೆವು. ಕೊಡುವವರು ಒಂದೇ ಸಲ ಪಿನ್ ಹಾಕಿ ಒಪ್ಪಿಗೆ ಕೊಟ್ಟರೆ ಸಾಕು, ಆಮೇಲೆ ಪ್ರತಿ ತಿಂಗಳು ತಾನಾಗಿಯೇ ದುಡ್ಡು ಬರುತ್ತದೆ. 15,000 ರೂಪಾಯಿವರೆಗೆ ಮತ್ತೆ ಪಿನ್ ಬೇಡ. ದುಡ್ಡು ಕಟ್ ಆಗುವ ಒಂದು ದಿನ ಮುಂಚೆಯೇ ಮೆಸೇಜ್ ಹೋಗುತ್ತದೆ, ಬೇಡ ಅನ್ನಿಸಿದರೆ ಅವರೇ ಆ್ಯಪಿನಲ್ಲಿ ನಿಲ್ಲಿಸಬಹುದು. ಇದನ್ನು ಮೊದಲೇ ಹೇಳಿದರೆ ಜನ ಧೈರ್ಯವಾಗಿ ಸೇರುತ್ತಾರೆ.

ಈಗ ತೊಂದರೆಗಳು. ಆಟೋಪೇ ದುಡ್ಡನ್ನು ನಮ್ಮ ಖಾತೆಗೆ ತಲುಪಿಸುವ ಗೇಟ್‌ವೇ ಕಂಪನಿ ಟ್ರಸ್ಟ್ ಡೀಡ್, ಪ್ಯಾನ್, ಟ್ರಸ್ಟಿನ ತೆರಿಗೆ ವಿನಾಯಿತಿಯ 12ಎ ಕಾಗದ ಎಲ್ಲಾ ಕೇಳಿ ಮೂರು ವಾರ ಓಡಾಡಿಸಿತು. ಬಂದ ದುಡ್ಡಿನಲ್ಲಿ ಸುಮಾರು ಶೇ 2 ಅವರ ಫೀ, ಆ ಫೀ ಮೇಲೆ ಶೇ 18 ಜಿಎಸ್‌ಟಿ. ಮೊದಲ ತಿಂಗಳು 1ನೇ ತಾರೀಕು ಇಟ್ಟು ದೊಡ್ಡ ತಪ್ಪು ಮಾಡಿದೆವು. ನಮಗೆ ಕೊಡುವವರಲ್ಲಿ ಹೋಟೆಲಿನಲ್ಲಿ ದುಡಿಯುವವರು ಜಾಸ್ತಿ, ಅವರಿಗೆ ಸಂಬಳ ಆಗುವುದೇ 7ಕ್ಕೋ 8ಕ್ಕೋ, ಹಾಗಾಗಿ ಅರ್ಧಕ್ಕರ್ಧ ಫೇಲ್ ಆಯಿತು. 10ಕ್ಕೆ ಬದಲಾಯಿಸಿದ ಮೇಲೆ ಸರಿಹೋಯಿತು. ಈಗಲೂ ಪ್ರತಿ ತಿಂಗಳು ಆರೇಳು ಫೇಲ್ ಆಗುತ್ತವೆ. ಅಷ್ಟೂ ಜನಕ್ಕೆ ನಾನೇ ಫೋನ್ ಮಾಡುತ್ತೇನೆ, ಮೆಸೇಜ್ ಹಾಕಿ ಸುಮ್ನೆ ಕೂರುವುದಿಲ್ಲ.

ಒಂದು ಸಲ ನಾನು ಮಾಡುವ ಮೊದಲೇ ಫೋನ್ ಬಂತು. ಮುಂಬೈಯ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು, ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಪುಸ್ತಕ ಹಿಡಿದವರು, ಈಗ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಾರೆ. "ಅಕ್ಕಾ, ಈ ತಿಂಗಳು ನನ್ನ ಇನ್ನೂರು ಹೋಗಲೇ ಇಲ್ಲ, ಏನಾಯ್ತು ನೋಡಿ" ಅಂದರು. ನೋಡಿದರೆ ಬ್ಯಾಂಕ್ ಬದಲಾಯಿಸಿದ್ದರು. ಮಾರನೇ ದಿನ ಅಂಗಡಿ ಮುಚ್ಚಿದ ಮೇಲೆ, ರಾತ್ರಿ ಹನ್ನೊಂದೂವರೆಗೆ, ವಿಡಿಯೋ ಕಾಲ್‌ನಲ್ಲಿ ಕೂತು ಹೊಸ ಖಾತೆಗೆ ಒಪ್ಪಿಗೆ ಹಾಕಿಸಿದೆ.

ಈಗ 118 ಜನ ಇದ್ದಾರೆ. ನೂರರಿಂದ ಐನೂರರವರೆಗೆ ಕೊಡುತ್ತಾರೆ, ತಿಂಗಳಿಗೆ ಹತ್ತಿರ ಹತ್ತಿರ 31,000. ಉಳಿದದ್ದಕ್ಕೆ ಇನ್ನೂ ಒದ್ದಾಟವಿದೆ. ಆದರೆ ಈ ದುಡ್ಡಿನ ಗುಣವೇ ಬೇರೆ. ಆ ಕಂಪನಿ ಪುಸ್ತಕ, ಬ್ಯಾಗು, ಫೋಟೋ ಬರುವ ಕೆಲಸಕ್ಕೆ ಕೊಡುತ್ತಿತ್ತು, ಬಾಡಿಗೆ ಅಂದರೆ ಮುಖ ತಿರುಗಿಸುತ್ತಿತ್ತು. ಇದರಲ್ಲಿ ಬಾಡಿಗೆ, ಕರೆಂಟ್ ಬಿಲ್, ಟೀಚರ್ ಸಂಬಳ ಎಲ್ಲಕ್ಕೂ ಕೊಡಬಹುದು. ಒಬ್ಬರು ನಿಲ್ಲಿಸಿದರೆ ಇನ್ನೂರು ಹೋಗುತ್ತದೆ, ಕೋಣೆಗೆ ಬೀಗ ಬೀಳುವುದಿಲ್ಲ ಅಲ್ವಾ?

ಶುರು ಮಾಡುವವರಿಗೆ ಎರಡು ಮಾತು. 80ಜಿ, ಅಂದರೆ ದಾನಕ್ಕೆ ಸಿಗುವ ತೆರಿಗೆ ರಿಯಾಯಿತಿಯ, ಆಸೆ ತೋರಿಸಿ ಕೇಳಬೇಡಿ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದು ಸಿಗುವುದೇ ಇಲ್ಲ. ಮಕ್ಕಳ ಬಗ್ಗೆ ಹೇಳಿ, ಲೆಕ್ಕ ತೋರಿಸಿ. ನಾವು ತಿಂಗಳ ಕೊನೆಗೆ ಖರ್ಚಿನ ಪುಟದ ಫೋಟೋವನ್ನೇ ವಾಟ್ಸಾಪಿಗೆ ಹಾಕುತ್ತೇವೆ. ಇನ್ನೊಂದು, ಟ್ರಸ್ಟ್ ವರ್ಷದ ಆದಾಯದ ಶೇ 85 ಖರ್ಚು ಮಾಡಬೇಕು, ಮಿಕ್ಕ ಶೇ 15 ಕೂಡಿಡಲು ಕಾನೂನೇ ಬಿಡುತ್ತದೆ. ನಾವು ಐದು ವರ್ಷ ಒಂದು ಪೈಸೆಯೂ ಇಡಲಿಲ್ಲ, ಆ ಎರಡು ತಿಂಗಳ ಗಾಬರಿ ಅದರಿಂದಲೇ ಆದದ್ದು.

ಆಟೋಪೇಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಫೇಲ್ ಆದಾಗ ಕಾರಣ ಸರಿಯಾಗಿ ಕಾಣಿಸದಿರುವುದಕ್ಕೆ, ಅರ್ಧ ಫೋನ್ ಕಾಲ್ ಅದನ್ನು ಕಂಡುಹಿಡಿಯುವುದರಲ್ಲೇ ಮುಗಿಯುತ್ತದೆ.