ಒಂದು ರೂಪಾಯಿಯ ಇಂಗ್ಲಿಷ್: ಪಿನ್ ಒತ್ತುವ ಮುನ್ನ ಓದಿ

ಒಂದು ರೂಪಾಯಿಗೆ ಒಂದು ವಾರ ಇಂಗ್ಲಿಷ್ ಮಾತನಾಡುವುದನ್ನು ಕಲಿಸುತ್ತೇವೆ ಎನ್ನುವ ಆ್ಯಪ್‌ಗಳ ಜಾಹೀರಾತು ಈಗ ಮೊಬೈಲ್ ತೆರೆದರೆ ಸಾಕು, ಎದುರಿಗೆ ಬರುತ್ತದೆ. ನಮ್ಮ ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಸೇರಿದವರು, ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುವವರು ಇದಕ್ಕೆ ಮೊದಲು ಕೈ ಹಾಕುತ್ತಾರೆ. ನನಗೆ ಆದದ್ದು ಅವರಿಗೆ ಆಗದಿರಲಿ ಎಂದು ಬರೆಯುತ್ತಿದ್ದೇನೆ.

ನಾನು ನರಸಾಪುರದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದೇನೆ. ಬಿಲ್ಲು, ಚಲನ್, ಮಾಲಿನ ಪಟ್ಟಿ ಓದುವಷ್ಟು ಇಂಗ್ಲಿಷ್ ಇದೆ. ಸರಕು ಯಾಕೆ ತಡವಾಯಿತು ಎಂದು ಚೆನ್ನೈಯವರನ್ನು ಫೋನಿನಲ್ಲಿ ಕೇಳಬೇಕಾದರೆ ಮಾತ್ರ ನಾಲಿಗೆ ಹೊರಳುವುದಿಲ್ಲ. ಆ್ಯಪ್‌ನವರ ಜಾಹೀರಾತು ನನ್ನಂಥವರನ್ನೇ ಗುರಿ ಇಟ್ಟು ಮಾಡಿದ್ದು, ಅದೂ ಅಚ್ಚ ಕನ್ನಡದಲ್ಲಿ. ಹಣ ಕಟ್ಟುವ ಪುಟಕ್ಕೆ ಬಂದಾಗ ಕನ್ನಡ ಮಾಯ. ಒಂದು ರೂಪಾಯಿ ಎಂಬುದು ದಪ್ಪ ಅಕ್ಷರದಲ್ಲಿತ್ತು. ವಾರದ ನಂತರ ತಿಂಗಳು ತಿಂಗಳು 499 ರೂಪಾಯಿ ತಾನಾಗಿ ಕಡಿತವಾಗುತ್ತದೆ ಎಂಬುದು ಬೂದು ಬಣ್ಣದ ಇಂಗ್ಲಿಷಿನಲ್ಲಿ, ಪುಟದ ಬುಡದಲ್ಲಿತ್ತು. ಇಂಗ್ಲಿಷ್ ಬಾರದವರಿಗೆ ಇಂಗ್ಲಿಷ್ ಮಾರುವವರು ಷರತ್ತನ್ನು ಇಂಗ್ಲಿಷಿನಲ್ಲಿಟ್ಟದ್ದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ಅಲ್ಲಿ ಒತ್ತಿಸಿಕೊಳ್ಳುವ ಯುಪಿಐ ಪಿನ್ ಬರೀ ಒಂದು ರೂಪಾಯಿಗೆ ಕೊಟ್ಟ ಒಪ್ಪಿಗೆಯಲ್ಲ. ಅದು ‘ಆಟೋಪೇ’ಗೆ, ಅಂದರೆ ಕಂತು ಖಾತೆಯಿಂದ ತಾನಾಗಿ ಕಡಿತವಾಗುತ್ತಿರಲಿ ಎಂದು ಕೊಡುವ ಆದೇಶ. 2020ರಲ್ಲಿ ಬಂದ ಈ ವ್ಯವಸ್ಥೆ ಕರೆಂಟ್ ಬಿಲ್, ವಿಮೆ ಕಂತಿಗೆಲ್ಲ ಅನುಕೂಲವೇ. ಆದರೆ ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ 15,000 ರೂಪಾಯಿವರೆಗಿನ ಕಂತಿಗೆ ಮತ್ತೆ ಪಿನ್ ಕೇಳುವುದಿಲ್ಲ. ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ತಿಳಿಸಿದರು ಕೂಡ: ಸಾಲ ಬೇಕೇ, ರೀಚಾರ್ಜ್ ಮುಗಿಯಿತು ಎಂಬ ಸಂದೇಶಗಳ ರಾಶಿಯ ನಡುವೆ, ಇಂಗ್ಲಿಷಿನಲ್ಲಿ.

ಇನ್ನು ಪಾಠ. ಮಾತು ಕಲಿಸುತ್ತೇವೆ ಎಂದವರು ಪರದೆಯ ಮೇಲೆ ಚೆಲ್ಲಾಪಿಲ್ಲಿಯಾಗಿದ್ದ ಪದಗಳನ್ನು ಬೆರಳಿನಿಂದ ಜೋಡಿಸುವುದನ್ನು ಕಲಿಸಿದರು. ಬಾಯಿ ಬಿಡುವ ಅಭ್ಯಾಸವೂ ಒಂದಿತ್ತು, ಕಣ್ಣೆದುರಿನ ವಾಕ್ಯವನ್ನು ಗಟ್ಟಿಯಾಗಿ ಓದುವುದು. ಅನುಮಾನ ಬಂದು ಒಮ್ಮೆ ಅರ್ಧ ವಾಕ್ಯ ನುಂಗಿ ಓದಿದೆ. ಇನ್ನೊಮ್ಮೆ ತೆಲುಗಿನಲ್ಲಿ ಏನೋ ಗೊಣಗಿದೆ. ಎರಡಕ್ಕೂ ಹಸಿರು ಗುರುತು, ಚಪ್ಪಾಳೆಯ ಸದ್ದು! ಚೆನ್ನೈಯಿಂದ ಫೋನ್ ಬಂದಾಗ ಅವರು ಮುಂದೆ ಏನು ಹೇಳುತ್ತಾರೆ ಎಂಬುದು ಪರದೆಯ ಮೇಲೆ ಬರೆದಿರುವುದಿಲ್ಲ. ಕೇಳಿ, ಆ ಕ್ಷಣಕ್ಕೆ ಉತ್ತರ ಹುಡುಕಬೇಕಾದ ಆ ಕಷ್ಟವೇ ಪಾಠದಲ್ಲಿ ಎಲ್ಲಿಯೂ ಇರಲಿಲ್ಲ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ಕಡೆ ತಮಿಳು, ಅಂಗಡಿ ಬೀದಿಯಲ್ಲಿ ಉರ್ದು ಆಡುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಟೊಮೆಟೊ ಮಂಡಿಯಲ್ಲಿ ದರಕ್ಕೆ ಜಗಳವಾಡುತ್ತಲೇ ಮೂರನೆಯ ಭಾಷೆ ಕಲಿತವರನ್ನು ನಾನು ಬಲ್ಲೆ. ಈಗ ನಾನೂ ಊಟದ ಹೊತ್ತಿನಲ್ಲಿ ಒಡಿಶಾದ ಸಹೋದ್ಯೋಗಿಯೊಬ್ಬರ ಜೊತೆ ಇಂಗ್ಲಿಷಿನಲ್ಲೇ ಹರಟುತ್ತೇನೆ. ಅವರಿಗೆ ಕನ್ನಡ ಬಾರದು, ನನಗೆ ಒಡಿಯಾ ಬಾರದು, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಬಿಬಿಸಿಯ ಆರು ನಿಮಿಷದ ಇಂಗ್ಲಿಷ್ ಪಾಠಗಳು ಬರಹದ ಸಮೇತ ಪುಕ್ಕಟೆಯಾಗಿ ಸಿಗುತ್ತವೆ. ಒಂದನ್ನು ಕೇಳಿ, ಬರಹ ಮುಚ್ಚಿ, ಅದರಲ್ಲಿ ಏನಿತ್ತೆಂದು ಅವರಿಗೆ ಹೇಳುತ್ತೇನೆ. ಅರ್ಥವಾಗದಿದ್ದರೆ ಅವರ ಮುಖವೇ ಹೇಳುತ್ತದೆ.

ಬೇಸತ್ತು ಆ್ಯಪ್ ಅಳಿಸಿದೆ. ಹಣ ಹೋಗುವುದು ನಿಲ್ಲಲಿಲ್ಲ. ಇದನ್ನು ಎಲ್ಲರೂ ತಿಳಿದಿರಬೇಕು: ಆ್ಯಪ್ ಅಳಿಸಿದರೆ ಆಟೋಪೇ ಆದೇಶ ರದ್ದಾಗುವುದಿಲ್ಲ. ನೀವು ಹಣ ಕಳಿಸಲು ಬಳಸುವ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ವಿಭಾಗ ಹುಡುಕಿ, ಅಲ್ಲಿ ಆದೇಶವನ್ನು ರದ್ದು ಮಾಡಬೇಕು. ರದ್ದು ಮಾಡುವ ಮೊದಲು ಆ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ, ದೂರಿಗೆ ಬೇಕಾಗುತ್ತದೆ.

ಕಂಪನಿಗೆ ಮಿಂಚಂಚೆ ಬರೆದರೆ ಯಂತ್ರದ ಉತ್ತರ ಬಂತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ಕೊಟ್ಟ ಮೇಲೆ ಕೊನೆಯ ಕಂತು ವಾಪಸಾಯಿತು, ಹಿಂದಿನವು ಬರಲಿಲ್ಲ. ಸಹಾಯವಾಣಿ ಕಂಪನಿಯನ್ನು ಕೇಳಬಲ್ಲದು, ಆಜ್ಞೆ ಮಾಡಲಾರದು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇಂಥ ಚಂದಾ ಬಲೆಯನ್ನು 13 ಮೋಸದ ವಿನ್ಯಾಸಗಳಲ್ಲಿ ಒಂದೆಂದು ಹೆಸರಿಸಿ ನಿಷೇಧಿಸಿದೆ. ಕಂಪನಿ ಯಾವ ಊರಿನದೇ ಆಗಿರಲಿ, 2019ರ ಕಾಯ್ದೆಯ ಪ್ರಕಾರ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಮೊಕದ್ದಮೆ ಹೂಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಉಳಿದ ಕಂತುಗಳಿಗಾಗಿ ಕಾಗದ ಪತ್ರ ಜೋಡಿಸುತ್ತಿದ್ದೇನೆ.

ಮನೆಯವರ ಮೊಬೈಲ್‌ಗಳನ್ನೂ ಒಮ್ಮೆ ತೆರೆದು ನೋಡಿ. ನಮ್ಮ ತಂಗಿಯದರಲ್ಲಿ ಯಾವಾಗಲೋ ಅಳಿಸಿದ್ದ ಜಾತಕದ ಆ್ಯಪ್‌ ಒಂದರ ಕಂತು ಇನ್ನೂ ಕಡಿತವಾಗುತ್ತಿತ್ತು.