ರೋಹು ಮರಿಯ ಕರುಳಿಗೆ ಯಾವುದು ಒಗ್ಗಿತು: ಪ್ರೋಬಯಾಟಿಕ್, ಯೀಸ್ಟ್, ವಿಟಮಿನ್-ಖನಿಜ ಮಿಶ್ರಣ

ಬೆಂಗಳೂರಿನ ಹೆಸರಘಟ್ಟದ ಕಡೆ ರೋಹು, ಕಾಟ್ಲಾ ಸಾಕುವ ಸಣ್ಣ ರೈತರಲ್ಲಿ ಹಲವರು ಇಂದಿಗೂ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲು ಬೆರೆಸಿ ಆಹಾರವಾಗಿ ಕೊಡುತ್ತಾರೆ. ನಮ್ಮ ಕೊಳದಲ್ಲೂ ಅದೇ ರೂಢಿ. ಈ ಆಹಾರಕ್ಕೆ ಸೇರಿಸಲು ಅಂಗಡಿಗಳಲ್ಲಿ ಸಿಗುವ ಬ್ಯಾಸಿಲಸ್ ಪ್ರೋಬಯಾಟಿಕ್ (ಕರುಳಿಗೆ ಒಳಿತು ಮಾಡುವ ಬ್ಯಾಕ್ಟೀರಿಯಾ) ಪುಡಿ, ಒಣಗಿಸಿದ ಬ್ರೂವರ್ಸ್ ಯೀಸ್ಟ್, ವಿಟಮಿನ್-ಖನಿಜ ಮಿಶ್ರಣ ಈ ಮೂರನ್ನೂ ಮೀನಿನ ಕರುಳಿಗೆ ಒಳ್ಳೆಯದೆಂದೇ ಮಾರುತ್ತಾರೆ. ಯಾವುದಕ್ಕೆ ಮೊದಲು ಹಣ ಹಾಕಬೇಕೆಂದು ತಿಳಿಯುವ ಸಲುವಾಗಿ ಒಂದೇ ಕೊಳದಲ್ಲಿ ಸಾಲಾಗಿ ಹಾಪಾಗಳನ್ನು (ನೀರಿನಲ್ಲಿ ಕಟ್ಟುವ ಬಲೆಯ ತೊಟ್ಟಿಗಳನ್ನು) ಕಟ್ಟಿ, ಒಂದೇ ಗಾತ್ರದ ರೋಹು ಮರಿಗಳನ್ನು ಬಿಟ್ಟು, ಒಂದು ಹಾಪಾಕ್ಕೆ ಬರೀ ಹಿಂಡಿ-ತೌಡನ್ನೂ ಉಳಿದವಕ್ಕೆ ಒಂದೊಂದು ಬಗೆಯ ಪೂರಕವನ್ನೂ ಕೊಟ್ಟು ನೋಡಿದೆನು.

ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ರೋಹುವಿಗೆ ಜಠರವೇ ಇಲ್ಲ. ಆಮ್ಲದಲ್ಲಿ ಆಹಾರ ಕರಗುವ ಹಂತವಿಲ್ಲದ ಕಾರಣ, ದೇಹದ ಉದ್ದಕ್ಕಿಂತ ಎಷ್ಟೋ ಪಟ್ಟು ಉದ್ದವಾಗಿ ಸುರುಳಿ ಸುತ್ತಿಕೊಂಡಿರುವ ಕರುಳೇ ಎಲ್ಲ ಕೆಲಸವನ್ನೂ ಮಾಡಬೇಕಾಗುತ್ತದೆ. ಹಿಂಡಿ ಮತ್ತು ತೌಡಿನಲ್ಲಿರುವ ರಂಜಕದ ಬಹುಪಾಲು ಫೈಟೇಟ್ ಎಂಬ ಸುಲಭವಾಗಿ ಜೀರ್ಣವಾಗದ ರೂಪದಲ್ಲಿರುವುದರಿಂದ ಮೀನಿಗೆ ಅದು ದಕ್ಕುವುದು ಕಡಿಮೆ. ಸುಣ್ಣದಂಶವನ್ನು ಮೀನು ಕಿವಿರುಗಳ ಮೂಲಕ ನೀರಿನಿಂದಲೇ ಪಡೆಯಬಲ್ಲದು, ನಮ್ಮ ಬೋರ್‌ವೆಲ್ ನೀರಿನಲ್ಲಿ ಅದಕ್ಕೆ ಕೊರತೆಯೂ ಇಲ್ಲ. ರಂಜಕ ಮಾತ್ರ ಆಹಾರದಿಂದಲೇ ಬರಬೇಕು.

ಮರಿಗಳ ಬೆಳವಣಿಗೆಯಲ್ಲಿ ವಿಟಮಿನ್-ಖನಿಜ ಮಿಶ್ರಣ ಕೊಟ್ಟ ಹಾಪಾವೇ ಮುಂದಿತ್ತು. ಆದರೆ ಎಲ್ಲ ಮಿಶ್ರಣವೂ ಒಂದೇ ಅಲ್ಲ. ರಂಜಕಕ್ಕಾಗಿ ಬೆರೆಸುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಆಮ್ಲವಿಲ್ಲದ ಕರುಳಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಮಾನೋಕ್ಯಾಲ್ಸಿಯಂ ಫಾಸ್ಫೇಟ್ ಸುಲಭವಾಗಿ ಕರಗುತ್ತದೆ. ಆದ್ದರಿಂದ ಸಾಮಾನ್ಯವಾಗಿ ಡೈಕ್ಯಾಲ್ಸಿಯಂ ಫಾಸ್ಫೇಟ್ ಇರುವ, ದನಕರುಗಳಿಗೆಂದು ತಯಾರಿಸಿದ ಖನಿಜ ಪುಡಿಯನ್ನು ಮೀನಿಗೆ ಹಾಕುವುದರಲ್ಲಿ ಹೆಚ್ಚು ಪ್ರಯೋಜನವಿಲ್ಲ. ವಿಟಮಿನ್ ಸಿ ವಿಷಯದಲ್ಲೂ ಇದೇ ಎಚ್ಚರ ಬೇಕು. ರೋಹುವಿನಂತಹ ಮೀನುಗಳ ದೇಹ ಅದನ್ನು ತಯಾರಿಸಿಕೊಳ್ಳಲಾರದು, ತೀರಾ ಕೊರತೆಯಾದರೆ ಬೆನ್ನುಮೂಳೆ ಡೊಂಕಾಗುತ್ತದೆ. ಸಾಮಾನ್ಯ ಆಸ್ಕಾರ್ಬಿಕ್ ಆಮ್ಲ ಆಹಾರ ಬೇಯಿಸುವಾಗ, ಚೀಲದಲ್ಲಿ ಕೂಡಿಟ್ಟಾಗ ಬೇಗ ನಾಶವಾಗುವುದರಿಂದ, ಫಾಸ್ಫೇಟ್ ಸೇರಿಸಿ ಸ್ಥಿರಗೊಳಿಸಿದ ರೂಪವೇ ಇದೆಯೇ ಎಂದು ಚೀಟಿ ಓದಿ ಕೊಳ್ಳಬೇಕು.

ಕರುಳನ್ನು ಬಿಡಿಸಿ ನೋಡಿದಾಗ ಮಾತ್ರ ಯೀಸ್ಟ್ ಕೊಟ್ಟ ಮರಿಗಳೇ ಮೇಲೆನಿಸಿದವು. ಬರೀ ಹಿಂಡಿ-ತೌಡು ತಿಂದ ಮರಿಯ ಕರುಳು ತೆಳುವಾಗಿ, ಒಳಗಿನ ಹಳದಿ ಲೋಳೆ ಹೊರಗೇ ಕಾಣುವಂತಿತ್ತು; ಬೆರಳಲ್ಲಿ ಹಿಡಿದು ತುಸು ಎಳೆದರೆ ಹರಿಯುತ್ತಿತ್ತು. ಯೀಸ್ಟ್ ತಿಂದ ಮರಿಯ ಕರುಳು ತಿಳಿಗುಲಾಬಿ ಬಣ್ಣದಲ್ಲಿ, ಆಹಾರ ತುಂಬಿಕೊಂಡು, ಎಳೆತಕ್ಕೆ ತಡೆಯುತ್ತಿತ್ತು. ಯೀಸ್ಟ್ ಕೋಶದ ಗೋಡೆಯಲ್ಲಿ ಮ್ಯಾನನ್ ಮತ್ತು ಬೀಟಾ-ಗ್ಲೂಕನ್ ಎಂಬ ಸಕ್ಕರೆ ಸರಪಳಿಗಳು ಇರುತ್ತವೆ. ಕೆಲವು ರೋಗಾಣುಗಳು ಕರುಳಿನ ಗೋಡೆಗೆ ಅಂಟುವ ಬದಲು ಮ್ಯಾನನ್‌ಗೆ ಅಂಟಿಕೊಂಡು ಮಲದೊಡನೆ ಹೊರಬೀಳುತ್ತವೆ, ಬೀಟಾ-ಗ್ಲೂಕನ್ ಮೀನಿನ ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುತ್ತದೆ. ಈ ಎರಡೂ ಕೆಲಸಕ್ಕೆ ಯೀಸ್ಟ್ ಜೀವಂತವಾಗಿರಬೇಕಿಲ್ಲ, ಹಾಗಾಗಿ ಕೂಡಿಡುವುದೂ ಸುಲಭ. ಜೊತೆಗೆ ಸಿಗುವ ಪ್ರೋಟೀನ್ ಲಾಭವೇ ಸರಿ.

ಪ್ರೋಬಯಾಟಿಕ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟು ನೇರವಾಗಿಲ್ಲ. ಬ್ಯಾಸಿಲಸ್‌ನ ಬೀಜಕಗಳು (ಗಟ್ಟಿ ಕವಚದ ಸುಪ್ತ ರೂಪಗಳು) ಬಿಸಿಯನ್ನು ತಾಳುತ್ತವೆ. ಇನ್ನೊಂದು ಪ್ರೋಬಯಾಟಿಕ್ ಬ್ಯಾಕ್ಟೀರಿಯಾವಾದ ಲ್ಯಾಕ್ಟೋಬ್ಯಾಸಿಲಸ್‌ಗೆ ಆ ಶಕ್ತಿ ಇಲ್ಲ. ಬಲೆ ಎಳೆದು ಮರಿಗಳನ್ನು ಹಿಡಿದ ಮರುದಿನಗಳಲ್ಲಿ ಉಳಿದ ಹಾಪಾಗಳ ಕೆಲವು ಮರಿಗಳಿಂದ ಬಿಳಿ ದಾರದಂತೆ ಮಲ ಜೋತಾಡುತ್ತಿದ್ದಾಗ, ಪ್ರೋಬಯಾಟಿಕ್ ಕೊಟ್ಟ ಹಾಪಾದಲ್ಲಿ ಅದು ಅಪರೂಪವಾಗಿತ್ತು. ಆದರೆ ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆಯೂರುವುದು ಕಡಿಮೆ, ಪುಡಿ ನಿಲ್ಲಿಸಿದ ಮೇಲೆ ಪರಿಣಾಮವೂ ಇಳಿಯುತ್ತದೆ. ಅಂದರೆ ಖರ್ಚು ನಿರಂತರ. ಪುಡಿಯನ್ನು ತಣ್ಣಗಾದ ಗಂಜಿಯಲ್ಲಿ ಕಲಸಿ, ಆಹಾರಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಬೇಕು. ಕಲಸಲು ನಲ್ಲಿಯ ಕಾವೇರಿ ನೀರು ಬೇಡ, ಅದರಲ್ಲಿರುವ ಕ್ಲೋರಿನ್ ಬ್ಯಾಕ್ಟೀರಿಯಾಕ್ಕೆ ಹಾನಿ ಮಾಡಬಹುದು. ಕೊಳದ ನೀರಿಗೆ ಸುರಿಯುವ ಪ್ರೋಬಯಾಟಿಕ್‌ನ ಉದ್ದೇಶ ಬೇರೆ, ಅದನ್ನು ಕರುಳಿನ ಲೆಕ್ಕಕ್ಕೆ ಹಿಡಿಯಲಾಗದು.

ಹಾಪಾದ ಮರಿಗಳಿಗೆ ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಸಿಗುವುದು ಕಡಿಮೆ ಎಂಬುದನ್ನು ಮರೆಯಬಾರದು. ಸಗಣಿ ಗೊಬ್ಬರ ಹಾಕಿ ನೀರು ಹಸಿರಾಗಿರುವ ತೆರೆದ ಕೊಳದಲ್ಲಿ ಮರಿಗಳು ಒಂದಷ್ಟು ವಿಟಮಿನ್ ಮತ್ತು ಖನಿಜಗಳನ್ನು ಅಲ್ಲೇ ಪಡೆಯುವುದರಿಂದ ಮಿಶ್ರಣದ ಮೇಲುಗೈ ಇಷ್ಟು ದೊಡ್ಡದಾಗಿ ಕಾಣದಿರಬಹುದು. ಆದರೂ ಕೈಯಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಒಳ್ಳೆಯ ವಿಟಮಿನ್-ಖನಿಜ ಮಿಶ್ರಣವನ್ನೂ, ಎರಡಕ್ಕಿದ್ದರೆ ಅದರೊಡನೆ ಯೀಸ್ಟನ್ನೂ ಕೊಳ್ಳುವಂತೆ ನೆರೆಯ ರೈತರಿಗೆ ಹೇಳುತ್ತೇನೆ. ಪ್ರೋಬಯಾಟಿಕ್ಕನ್ನು ಮರಿ ಸಾಗಿಸುವ, ಬಲೆ ಎಳೆಯುವ ಹೊತ್ತಿಗೆ ಮೀಸಲಿಟ್ಟಿದ್ದೇನೆ. ಡಿಸೆಂಬರ್, ಜನವರಿಯಲ್ಲಿ ನೀರು ತಣ್ಣಗಾಗಿ ಮೀನು ಸರಿಯಾಗಿ ತಿನ್ನದಿರುವಾಗ ಆಹಾರವನ್ನೇ ಇಳಿಸಬೇಕು. ಆಗ ಈ ಮೂರರಲ್ಲಿ ಯಾವುದನ್ನು ಹೆಚ್ಚಿಸಿದರೂ ಅದು ಕೊಳದ ತಳ ಸೇರುತ್ತದೆ.