ಅಮ್ಮನ ಅಂತ್ಯಸಂಸ್ಕಾರ ವಹಿಸಿಕೊಂಡವರ ಬಗ್ಗೆ

ಅಂತ್ಯಸಂಸ್ಕಾರದ ಕೆಲಸವನ್ನು ಹೊರಗಿನವರಿಗೆ ಒಪ್ಪಿಸುವುದು ಸರಿಯಾ ಅಂತ ನಮ್ಮ ಮನೆಯಲ್ಲೂ ಮಾತು ಬಂತು. ಒಪ್ಪಿಸಿದ್ದು ಒಳ್ಳೆಯದೇ ಆಯಿತು. ಓಡಾಟ ಅವರು ನೋಡಿಕೊಂಡರು, ನಾವು ಅಮ್ಮನ ಪಕ್ಕ ಕೂತಿದ್ದೆವು. ಒಂದು ವಿಷಯದಲ್ಲಿ ಮಾತ್ರ ತುಂಬಾ ನೋವಾಯಿತು, ಅದನ್ನೂ ಬರೆಯುತ್ತೇನೆ.

ಅಂತ್ಯಸಂಸ್ಕಾರ ಸೇವೆಯವರಿಗೆ ಫೋನ್ ಮಾಡಿದಾಗ ಮಾತಾಡಿದವರು ಪ್ಯಾಕೇಜ್ ಮಾತೇ ಎತ್ತಲಿಲ್ಲ. ಡಾಕ್ಟರ್ ಬಂದು ನೋಡಿದ್ದಾರಾ, ಸರ್ಟಿಫಿಕೇಟ್ ಬರೆದುಕೊಟ್ಟಿದ್ದಾರಾ ಅಂತ ಮೊದಲು ಕೇಳಿದರು. ಮನೆಯಲ್ಲೇ ಸಾವಾದಾಗ ಆ ಕಾಗದ ಇಲ್ಲದೆ ಮುಂದಿನ ಕೆಲಸ ಸಾಗುವುದಿಲ್ಲ. ಆಮೇಲೆ, ಕಣ್ಣು ದಾನ ಮಾಡುವ ಆಸೆ ಅವರಿಗಿತ್ತಾ ಅಂದರು. ಇತ್ತು. ಸಾಮಾನ್ಯವಾಗಿ 6 ಗಂಟೆಯೊಳಗೆ ಆಗಬೇಕಂತೆ. ನೇತ್ರ ಬ್ಯಾಂಕಿನವರು ಬರುವವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆ ಸ್ವಲ್ಪ ಎತ್ತರಿಸಿ ಅಂತ ಫೋನಿನಲ್ಲೇ ಹೇಳಿಕೊಟ್ಟರು. ಪೇಸ್‌ಮೇಕರ್ ಇದೆಯಾ ಅಂತಲೂ ಕೇಳಿದರು. ದಹನ ಮಾಡುವುದಾದರೆ ಅದನ್ನು ಮೊದಲೇ ತೆಗೆಸಬೇಕು, ಒಳಗಿನ ಬ್ಯಾಟರಿ ಬಿಸಿಗೆ ಸಿಡಿಯುತ್ತದೆ. ಅಮ್ಮನಿಗೆ ಇರಲಿಲ್ಲ. ಆದರೂ ಕೆಲಸ ಗೊತ್ತಿರುವವರು ಸಿಕ್ಕಿದ್ದಾರೆ ಅಂತ ನಮಗೆ ಧೈರ್ಯ ಬಂತು.

ಮನೆಗೆ ಬಂದ ಹೆಂಗಸಿನ ಬಗ್ಗೆ ಹೇಳಲೇಬೇಕು. ಯಾವ ಹೂವು, ಯಾವ ಬಣ್ಣ ಅಂತ ಪಟ್ಟಿ ಮುಂದಿಡಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ನಿಮ್ಮಮ್ಮನ ಹತ್ತಿರ ಯಾವಾಗಲೂ ಏನಿರುತ್ತಿತ್ತು?" ಅಂದರು. ಟೇಪು ಅಂತ ನನ್ನ ತಂಗಿ ತಕ್ಷಣ ಹೇಳಿದಳು. ಅಮ್ಮ ಬಟ್ಟೆ ಹೊಲಿದೇ ನಮ್ಮನ್ನು ಸಾಕಿದವರು. ಬಾಗಿಲು ತೆಗೆಯುವಾಗಲೂ ಅಳತೆ ಟೇಪು ಅವರ ಕೊರಳಲ್ಲೇ ಇರುತ್ತಿತ್ತು. ದೊಡ್ಡ ಬ್ಯಾನರ್ ಬೇಕು, ಹೂವಿನ ಕಮಾನು ಬೇಕು ಅಂತ ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡು, "ಜಾಸ್ತಿ ಇಟ್ಟರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಅವರದ್ದೇ ಅನ್ನುವಂಥದ್ದು ಒಂದೆರಡು ಸಾಕು ಅಲ್ವಾ?" ಅಂದರು. ಕೊರಳಿಗೆ ಟೇಪು, ಮೈಮೇಲೆ ಅಮ್ಮನೇ ಹೊಲಿದ ಕೌದಿ. ಅಷ್ಟೇ ಅಂತ ತೀರ್ಮಾನವಾಯಿತು.

ಕೌದಿಯನ್ನು ಜೊತೆಯಲ್ಲೇ ಕಳಿಸಬೇಕು ಅಂತ ನಮಗಿತ್ತು. ಆಕೆ ಅದನ್ನು ಮಡಿಲಲ್ಲಿ ಹರಡಿಕೊಂಡು ಒಂದೊಂದೇ ತುಂಡನ್ನು ಬೆರಳಲ್ಲಿ ಉಜ್ಜಿ ನೋಡಿದರು. ಹತ್ತಿ ಬಟ್ಟೆ ಆದರೆ ತೊಂದರೆಯಿಲ್ಲ, ಪಾಲಿಯೆಸ್ಟರ್ ಕರಗಿ ಕೆಟ್ಟ ಹೊಗೆ ಬರುತ್ತದೆ ಅಂದರು. ಅಂಚಿನ ಹತ್ತಿರ ಮಿರುಗುವ ನೀಲಿ ಪಟ್ಟಿ ಒಂದಿತ್ತು, ನನ್ನ ಸ್ಕೂಲ್ ಡ್ಯಾನ್ಸಿನ ಬಟ್ಟೆಯದ್ದು. ಅದೊಂದನ್ನು ಬಿಚ್ಚಬೇಕಾಗುತ್ತದೆ, ಬಿಚ್ಚಲಾ ಅಂತ ನನ್ನನ್ನೇ ಕೇಳಿದರು. ತಂಗಿ ಅಮ್ಮನ ಕತ್ತರಿ ತಂದಳು. ಹೊಲಿಗೆ ಎಷ್ಟು ಗಟ್ಟಿಯಾಗಿತ್ತು ಅಂದರೆ, ಒಂದೊಂದೇ ದಾರ ಎಬ್ಬಿಸಿ ಕತ್ತರಿಸಬೇಕಾಯಿತು. ಕನ್ನಡಕ, ಟೇಪು ಎರಡನ್ನೂ ಕೊನೆವರೆಗೆ ಇರಲು ಬಿಟ್ಟು, ಚಿತಾಗಾರದ ಒಳಗೆ ಕಳಿಸುವ ಮುಂಚೆ ತೆಗೆದರು. ಅಲ್ಲಿದ್ದ ಹುಡುಗ ಕನ್ನಡಕದ ಗಾಜು ಒರೆಸಿ, ಕಡ್ಡಿ ಮಡಿಚಿ, ಎರಡೂ ಕೈಯಲ್ಲಿ ನನಗೆ ಕೊಟ್ಟ.

ಇಷ್ಟು ಸೂಕ್ಷ್ಮ ಇದ್ದವರು, ಅಮ್ಮನ ನೆನಪಿಗೆ ಎಲ್ಲರ ಮುಂದೆ ಹಾಕುವ ವಿಡಿಯೊ ವಿಷಯದಲ್ಲಿ ಹೀಗೆ ಯಾಕೆ ಮಾಡಿದರೋ. ನಾವು ಕಳಿಸಿದ ಫೋಟೊಗಳನ್ನೆಲ್ಲ ಯಾವುದೋ ರೆಡಿಮೇಡ್ ಟೆಂಪ್ಲೇಟಿಗೆ ತುಂಬಿದ್ದರು. ಮೋಡ, ಪಾರಿವಾಳ, ಹಿಂದೆ ಅಳು ತರಿಸುವ ಪಿಟೀಲು. ಅಮ್ಮ ಮೆಷಿನ್ ತುಳಿಯುತ್ತಾ ಗುನುಗುವ ಒಂದು ತುಣುಕು ನನ್ನ ಫೋನಿನಲ್ಲಿತ್ತು. ಅದನ್ನೂ ಕಳಿಸಿದ್ದೆ. ಚಿತ್ರ ಹಾಗೇ ಇತ್ತು, ಶಬ್ದ ತೆಗೆದುಹಾಕಿದ್ದರು. ಕೇಳಿದರೆ, ಮೆಷಿನ್ ಗಲಾಟೆ ಜಾಸ್ತಿ ಇತ್ತು ಅಂದರು. ಆ ಗಲಾಟೆಯಲ್ಲೇ ನಾವು ಓದಿದ್ದು, ನಿದ್ದೆ ಮಾಡಿದ್ದು. ಅಮ್ಮನ ದನಿ ಅಂತ ನಮ್ಮ ಹತ್ತಿರ ಉಳಿದಿರುವುದೇ ಆ ತುಣುಕು. ಕೊನೆಗೆ ತಂಗಿ ವಿಡಿಯೊ ನಿಲ್ಲಿಸಿ, ಫೋನನ್ನೇ ಮೈಕಿಗೆ ಹಿಡಿದಳು. ಬಂದವರೆಲ್ಲ ಅದನ್ನೇ ಕೇಳಿದರು. ಕ್ಷಮೆ ಕೇಳಿ ವಿಡಿಯೊ ದುಡ್ಡು ಬಿಟ್ಟರು ನಿಜ, ಆದರೆ ಆ ಹೊತ್ತಿನಲ್ಲಿ ಆದ ನೋವಿಗೆ ಅದು ಸಾಟಿಯಲ್ಲ.

ಉಳಿದದ್ದೆಲ್ಲ ಅಚ್ಚುಕಟ್ಟು. ವಿದೇಶದಲ್ಲಿರುವ ತಮ್ಮನಿಗೆ ಲೈವ್ ಚೆನ್ನಾಗಿ ಕಂಡಿತು. ಮಾತಾಡುವವರು ಯಾರು ಅಂತ ಮೊದಲೇ ಕೇಳಿ, ಅವರ ಹತ್ತಿರ ಮೈಕ್ ಇಟ್ಟಿದ್ದರು. ಖರ್ಚು ಎಷ್ಟಾಗುತ್ತದೆ ಅಂತ ಮೊದಲೇ ಬರೆದುಕೊಟ್ಟಿದ್ದರು, ಆಮೇಲೆ ಏನನ್ನೂ ಸೇರಿಸಲಿಲ್ಲ. ಮರಣ ಪ್ರಮಾಣಪತ್ರದ ಪ್ರತಿಗಳನ್ನು ಜಾಸ್ತಿಯೇ ತೆಗೆಸಿಕೊಳ್ಳಿ ಅಂತ ಹೇಳಿದ್ದೂ ಅವರೇ. ಬ್ಯಾಂಕು, ವಿಮೆ ಅಂತ ಹೋದಾಗ ಆ ಮಾತಿನ ಬೆಲೆ ಗೊತ್ತಾಯಿತು.

ಇಂಥ ಸೇವೆ ತೆಗೆದುಕೊಳ್ಳುವವರು ಮನೆಗೆ ಯಾರು ಬರುತ್ತಾರೆ ಅಂತ ವಿಚಾರಿಸಿ, ಅವರ ಜೊತೆ ಒಮ್ಮೆ ಕೂತು ಮಾತಾಡಿ. ವಿಡಿಯೊ ಬೇಕೇ ಬೇಕು ಅಂದರೆ, ಎಲ್ಲರ ಮುಂದೆ ಹಾಕುವ ಮೊದಲು ಮನೆಯವರೊಬ್ಬರು ಶಬ್ದ ಸಮೇತ ಪೂರ್ತಿ ನೋಡಿಬಿಡಿ.